ಅವರು ಸೋಗು ಹಾಕುತ್ತಿಲ್ಲ

ಪ್ರಶ್ನೆ: ಕಳೆದ ವರ್ಷ ನನ್ನ ಪತಿ ಬೈಕಿನಿಂದ ಬಿದ್ದು ಹಣೆಗೆ ಪೆಟ್ಟಾಗಿ ಶಸ್ತ್ರಚಿಕಿತ್ಸೆಯಾಯಿತು. ಈಗ ಓಡಾಡುತ್ತಾರೆ, ಹಳೆಯ ಲೆಕ್ಕವೆಲ್ಲ ನೆನಪಿದೆ. ಆದರೆ ಮೊದಲಿನ ಮನುಷ್ಯನಲ್ಲ. ಬ್ರಷ್‌ಗೆ ಪೇಸ್ಟ್ ಹಾಕಿಕೊಂಡು, ನಾನು ಹೇಳುವವರೆಗೂ ಹಾಗೆಯೇ ಕೂತಿರುತ್ತಾರೆ. ಸಾವಿನ ಮನೆಯಲ್ಲಿ ಎಲ್ಲರೆದುರು ‘ಊಟ ಎಷ್ಟು ಹೊತ್ತಿಗೆ?’ ಎಂದರು. ಮೊಬೈಲಿನಲ್ಲಿ ಸಾಲ ಮಾಡುತ್ತಾರೆ, ಮಗನ ಮೇಲೆ ಕೈ ಎತ್ತುತ್ತಾರೆ. ‘ನೀನು ಸದರ ಕೊಟ್ಟಿದ್ದಕ್ಕೇ ಹೀಗೆ’ ಎನ್ನುತ್ತಾರೆ ಅತ್ತೆ. ಇದೆಲ್ಲ ಸೋಗೇ?
– ಹೆಸರು ಬೇಡ, ಹಾಸನ

ಉತ್ತರ: ಸೋಗಲ್ಲ ತಾಯಿ, ನಿಮ್ಮ ತಪ್ಪಂತೂ ಅಲ್ಲವೇ ಅಲ್ಲ. ಪತ್ರ ಓದಿ ಕಾಯಿಲೆ ನಿರ್ಧರಿಸಲಾಗದು. ಆದರೆ ನೀವು ಬರೆದ ಒಂದೊಂದೂ ಮಿದುಳಿನ ಮುಂಭಾಗಕ್ಕೆ ಪೆಟ್ಟು ಬಿದ್ದವರಲ್ಲಿ ಕಾಣುವಂಥದ್ದೇ. ಕಣ್ಣುಗುಳಿಯ ಮೇಲಿನ ಭಾಗ ನಾಲಿಗೆಗೂ ಕೈಗೂ ಕಡಿವಾಣ. ಒಳಮಧ್ಯದ ಭಾಗದಿಂದ ಕೆಲಸ ಶುರುಮಾಡುವ ಚಾಲನೆ ಬರುತ್ತದೆ. ಹಲ್ಲುಜ್ಜುವುದು ಅವರಿಗೆ ಗೊತ್ತಿದೆ, ಶುರುಮಾಡುವುದು ಕೈಗೂಡುತ್ತಿಲ್ಲ. ಮಾತು, ನೆನಪು ಚೆನ್ನಾಗಿರುವುದರಿಂದಲೇ ನೋಡಿದವರು ಕಾಯಿಲೆಯೆಂದು ನಂಬುವುದಿಲ್ಲ. ತಾನು ಬದಲಾಗಿದ್ದೇನೆಂದು ಎಷ್ಟೋ ಸಲ ರೋಗಿಗೇ ತಿಳಿಯುವುದಿಲ್ಲ, ಹಾಗಾಗಿ ವಾದ, ಆಣೆ-ಪ್ರಮಾಣಗಳಿಂದ ಪ್ರಯೋಜನವಿಲ್ಲ.

1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುಮಾರ್ಗದ ಮೇಸ್ತ್ರಿ ಫಿನಿಯಸ್ ಗೇಜ್ ಅವರ ತಲೆಯನ್ನು ಕಬ್ಬಿಣದ ಸಲಾಕೆ ಭೇದಿಸಿ ಹೋಯಿತು. ಬದುಕಿದರು, ಆದರೆ ಗೆಳೆಯರಿಗೆ ಅವರು ಹಳೆಯ ಗೇಜ್ ಆಗಿ ಉಳಿಯಲಿಲ್ಲ. ನನಗೆ ಮುಖ್ಯವೆನಿಸುವುದು ಮುಂದಿನ ಕಥೆ: ಅದೇ ಮನುಷ್ಯ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆ ಸಾರೋಟು ಓಡಿಸಿದರು. ದಿನವೂ ಅದೇ ಹೊತ್ತಿಗೆ ಅದೇ ಕೆಲಸ ಎಂಬ ಕಟ್ಟುಪಾಡು ಅವರಿಗೆ ನೆರವಾಗಿರಬೇಕೆಂದು ತಜ್ಞರು ಊಹಿಸುತ್ತಾರೆ.

ನೀವೂ ಅಂಥದ್ದೊಂದು ದಿನಚರಿ ಬರೆದು ಗೋಡೆಗೆ ಅಂಟಿಸಿ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ‘ಏಳಿ.’ ಎದ್ದ ಮೇಲೆ, ‘ಹಲ್ಲುಜ್ಜಿ.’ ಸಾಲದ ಆ್ಯಪ್‌ಗಳನ್ನು ತೆಗೆಸಿ, ಬ್ಯಾಂಕಿನಲ್ಲಿ ವಹಿವಾಟಿನ ಮಿತಿ ಇಳಿಸುವ ಬಗ್ಗೆ ವಿಚಾರಿಸಿ. ಮದ್ಯ ಬೇಡವೇ ಬೇಡ. ವೈದ್ಯರು ಒಪ್ಪುವ ತನಕ ಬೈಕಿನ ಕೀಲಿ ನಿಮ್ಮ ಬಳಿಯೇ ಇರಲಿ.

ಮಗನ ವಿಷಯದಲ್ಲಿ ಮಾತ್ರ ರಾಜಿಯಾಗಬೇಡಿ. ಕಾಯಿಲೆಯವರೆಂದು ಏಟು ತಿನ್ನಬೇಕಾಗಿಲ್ಲ. ಸಿಟ್ಟು ಏರುತ್ತಿದೆ ಎನಿಸಿದೊಡನೆ ಅವನನ್ನು ಕರೆದುಕೊಂಡು ಪಕ್ಕದ ಮನೆಗೆ ಹೋಗಿಬಿಡಿ. ಇದು ಗಾಯದಿಂದ ಬಂದ ಕೋಪ, ನಿನ್ನಿಂದಲ್ಲ ಎಂದು ಅವನಿಗೆ ಬಿಡಿಸಿ ಹೇಳಿ.

ಸ್ಕ್ಯಾನ್ ಫಿಲ್ಮ್, ಡಿಸ್ಚಾರ್ಜ್ ಕಾಗದ ಹಿಡಿದು ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ. ಅಲ್ಲಿ ಮಿದುಳಿನ ಪೆಟ್ಟಿನ ನಂತರದ ಪುನಶ್ಚೇತನ ಚಿಕಿತ್ಸೆ ಸಿಗುತ್ತದೆ. ಇದರ ಜೊತೆಗೆ ಖಿನ್ನತೆಯೂ ಇದೆಯೇ ಎಂದು ಅವರೇ ನೋಡಿ ಹೇಳಬೇಕು. ಅತ್ತೆಯವರನ್ನೂ ಕರೆದೊಯ್ಯಿರಿ, ವೈದ್ಯರ ಬಾಯಿಂದಲೇ ಕೇಳಲಿ. ಅಲ್ಲಿಯವರೆಗೆ ನಿಮಗೇ ತಡೆಯಲಾಗದಂತಾದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನಡುರಾತ್ರಿಯಾದರೂ ಸಂಕೋಚ ಬೇಡ, ಕನ್ನಡದಲ್ಲೇ ಮಾತನಾಡಬಹುದು.