ಸಲಾಲಕ್ಕೆ ಬರುವ ತಮ್ಮನಿಗೆ

ನಿನ್ನ ಮೆಸೇಜ್ ಓದಿದೆ. ನಮ್ಮ ಕಾಸರಗೋಡಿನ ಬದಿಯಡ್ಕದಿಂದ ಹೊರಟು ಜುಲೈಯಲ್ಲಿ ಒಮಾನ್ ದೇಶದ ಸಲಾಲದಲ್ಲಿ ಕೆಲಸಕ್ಕೆ ಸೇರುತ್ತಿದ್ದೀಯ. ಸೆಕೆ ಹೇಗೆ, ಕಾನೂನು ಹೇಗೆ, ಊಟಕ್ಕೆ ಏನು ಎಂದು ಕೇಳಿದ್ದೀಯ. ಕೊನೆಗೆ "ಮಲಯಾಳ ಗೊತ್ತಿದ್ದರೆ ಸಾಕಲ್ವಾ ಅಣ್ಣಾ?" ಎಂದೂ ಕೇಳಿದ್ದೀಯ. ಆ ಮಾತಿಗೆ ಆಮೇಲೆ ಬರುತ್ತೇನೆ.

ನಾನು ಬಂದದ್ದೂ ಜುಲೈಯಲ್ಲೇ, 2004ರಲ್ಲಿ. ಮಸ್ಕತ್‌ನಲ್ಲಿ ಇಳಿದು ಬಸ್ಸು ಹತ್ತಿದೆ. ಸುಮಾರು ಸಾವಿರ ಕಿಲೋಮೀಟರ್ ದಾರಿ. ಕಿಟಕಿಯಾಚೆ ಬರೀ ಮರಳು, ಕಲ್ಲು. ಎಲ್ಲಿಗೆ ಬಂದು ಬಿದ್ದೆ ಎಂದು ಹೊಟ್ಟೆಯಲ್ಲಿ ಸಂಕಟ. ತುಮ್ರೈತ್ ದಾಟಿ ಬಸ್ಸು ಗುಡ್ಡ ಇಳಿಯತೊಡಗಿದಾಗ ಗಾಜಿನ ಮೇಲೆ ನೀರಿನ ಹನಿ ಕೂತಿತು. ಡ್ರೈವರ್ ವೈಪರ್ ಹಾಕಿದ. ನೋಡಿದರೆ ಮಂಜು, ಜಿನುಗು ಮಳೆ, ಎರಡೂ ಬದಿ ಹಸಿರು ಹುಲ್ಲು, ಹುಲ್ಲು ಮೇಯುವ ದನ. ಕೆಳಗೆ ಬಂದರೆ ತೆಂಗು, ಬಾಳೆ, ಪಪ್ಪಾಯಿ. ದಾರಿ ಬದಿಯಲ್ಲಿ ಎಳನೀರ ಬೊಂಡದ ಅಂಗಡಿ. ನಮ್ಮೂರ ಕುಂಬಳೆಯಲ್ಲೇ ಇಳಿದ ಹಾಗಾಗಿ ಕಣ್ಣು ತುಂಬಿತು ಮಾರಾಯ.

ಈ ಮಳೆಗಾಲಕ್ಕೆ ಇಲ್ಲಿ ಖರೀಫ್ ಎನ್ನುತ್ತಾರೆ. ಜೂನ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ. ನಮ್ಮೂರಿಗೆ ಮಳೆ ತರುವ ಅದೇ ನೈಋತ್ಯ ಮಾರುತ ಈ ಕರಾವಳಿಯನ್ನೂ ಸವರಿಕೊಂಡು ಹೋಗುತ್ತದೆ. ಆಗ ಕಡಲಿನ ಅಡಿಯ ತಣ್ಣೀರು ಮೇಲೆ ಬರುತ್ತದೆ. ಅದರ ಮೇಲಿನ ಒದ್ದೆ ಗಾಳಿ ತಂಪಾಗಿ, ದೋಫಾರ್ ಬೆಟ್ಟಗಳಿಗೆ ತಡೆದು ಮಂಜಾಗಿ ನಿಲ್ಲುತ್ತದೆ. ನಮ್ಮ ಹಾಗೆ ಧಾರಾಕಾರ ಇಲ್ಲ, ಸುಮ್ನೆ ಜಿನುಗುತ್ತಲೇ ಇರುತ್ತದೆ. ಬೆಟ್ಟದ ಆಚೆ ಬದಿಗೆ ಅದೂ ಇಲ್ಲ, ಮರುಭೂಮಿ. ಲುಬಾನ್ ಧೂಪದ ಮರ ಚೆನ್ನಾಗಿ ಬರುವುದು ಆ ಒಣ ಕಡೆಯಲ್ಲೇ. ಹಾಗಾಗಿ ನೀನು ಬರುವಾಗ ಸೆಕೆ ಇರುವುದಿಲ್ಲ, ಬಟ್ಟೆ ಒಣಗುವುದಿಲ್ಲ ಅಷ್ಟೇ. ಮಂಜಿನಲ್ಲಿ ಗಾಡಿ ಮಾತ್ರ ನಿಧಾನ ಓಡಿಸು. ಒಂಟೆ ರಸ್ತೆಗೆ ಬಂದದ್ದು ಹತ್ತಿರ ಹೋಗುವವರೆಗೆ ಕಾಣುವುದಿಲ್ಲ.

ಆಡಳಿತ ಸುಲ್ತಾನರದು. ಸುಲ್ತಾನ್ ಖಾಬೂಸ್ 1970ರಿಂದ 2020ರ ಜನವರಿವರೆಗೆ ಆಳಿದರು. ಹುಟ್ಟಿದ್ದು ಸಲಾಲದಲ್ಲೇ, ಇಲ್ಲಿಯ ಜನ ಇವತ್ತಿಗೂ ಅವರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. ಈಗ ಸುಲ್ತಾನ್ ಹೈಥಮ್. ದೇಶದಲ್ಲಿ 11 ಪ್ರಾಂತ್ಯ, ದೋಫಾರ್ ಅದರಲ್ಲಿ ಒಂದು. ಅದರೊಳಗೆ 10 ವಿಲಾಯತ್, ಎಂದರೆ ನಮ್ಮ ತಾಲೂಕಿನ ಹಾಗೆ, ಒಂದೊಂದಕ್ಕೂ ವಾಲಿ ಎಂಬ ಒಬ್ಬ ಅಧಿಕಾರಿ. ಶೂರಾ ಎಂಬ ಸಲಹಾ ಸಭೆಗೆ ಚುನಾವಣೆ ಇದೆ, ಓಟು ಒಮಾನಿಗಳಿಗೆ ಮಾತ್ರ. ಪಾಸ್‌ಪೋರ್ಟ್ ನಿನ್ನ ಕೈಯಲ್ಲೇ ಇರಲಿ. 2021ರಿಂದ ಕರಾರು ಮುಗಿದ ಮೇಲೆ ಬೇರೆ ಕಡೆ ಸೇರಲು ಹಳೇ ಧಣಿಯ ಒಪ್ಪಿಗೆ ಪತ್ರ ಬೇಡ. ಮತ್ತೊಂದು: ಊರ ದೇವಸ್ಥಾನದ ಬ್ರಹ್ಮಕಲಶಕ್ಕೆ ಅಂತ ರಶೀದಿ ಪುಸ್ತಕ ಹಿಡಿದುಕೊಂಡು ಬರಬೇಡ. ಅನುಮತಿ ಇಲ್ಲದೆ ಹಣ ಸಂಗ್ರಹಿಸುವುದು ಇಲ್ಲಿ ಅಪರಾಧ. ಒಳ್ಳೆಯ ಕೆಲಸಕ್ಕೆ ಅಲ್ವಾ ಎಂದರೆ ಯಾರೂ ಕೇಳುವುದಿಲ್ಲ.

ಊಟಕ್ಕೆ ತೊಂದರೆ ಇಲ್ಲ. ಕುಚ್ಚಲಕ್ಕಿ ಸಿಗುತ್ತದೆ, ಮೀನು ಬೇಕಾದಷ್ಟು.

ಇನ್ನು ಭಾಷೆ. ಹೌದು, ಮಲಯಾಳದಲ್ಲಿ ದಿನ ಕಳೆಯುತ್ತದೆ. ನಾನು ಎಂಟು ವರ್ಷ ಹಾಗೇ ಕಳೆದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ. ಪೈಪು, ಹಗ್ಗ, ಮೊಳೆ. ಅರಬ್ಬಿಯಲ್ಲಿ ನನಗೆ ಗೊತ್ತಿದ್ದದ್ದು ಲೆಕ್ಕ ಮತ್ತು "ತಮಾಮ್", ಎಂದರೆ ಚೆನ್ನಾಗಿದೆ, ಸರಿ. ಬೆಟ್ಟದಿಂದ ಒಬ್ಬ ಅಜ್ಜ ವಾರಕ್ಕೊಮ್ಮೆ ಬರುತ್ತಿದ್ದರು. ಬೆಟ್ಟದವರ ಮನೆಮಾತು ಅರಬ್ಬಿ ಅಲ್ಲ, ಜಿಬ್ಬಾಲಿ. ಶಹ್ರಿ ಎಂದೂ ಹೇಳುತ್ತಾರೆ. ಮಕ್ಕಳಿಗೆ ಶಾಲೆಯಲ್ಲಿ ಅರಬ್ಬಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂದು ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾ? ಅಜ್ಜ ನನಗೋಸ್ಕರ ಅರಬ್ಬಿಯಲ್ಲಿ, ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಮಾತಾಡುತ್ತಿದ್ದರು. ಒಮ್ಮೆ ಕಾಗದದಲ್ಲಿ ಕಟ್ಟಿ ಒಂದು ಹಿಡಿ ಲುಬಾನ್ ತಂದುಕೊಟ್ಟಿದ್ದರು.

ಒಂದು ದಿನ ಬಂದವರು ಏನೂ ಕೇಳಲಿಲ್ಲ. ಕೌಂಟರ್ ಪಕ್ಕದ ಸ್ಟೂಲಿನಲ್ಲಿ ಕೂತರು. ನಾನು ಬೋಲ್ಟ್ ಎಣಿಸುತ್ತಿದ್ದೆ. ಅವರು ಕಾಲು ಗಂಟೆ ಮಾತಾಡಿದರು, ಮೆಲ್ಲಗೆ, ಕೈಯಲ್ಲಿದ್ದ ಕೋಲಿನ ತುದಿ ನೋಡಿಕೊಂಡು. ನಾನು ನಗುತ್ತಾ "ತಮಾಮ್, ತಮಾಮ್" ಎಂದು ಚಹಾ ಮುಂದಿಟ್ಟೆ. ಅವರು ತಲೆ ಎತ್ತಿ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಎದ್ದು ಹೋದರು. ಚಹಾ ಹಾಗೇ ಇತ್ತು. ಒಳಗೆ ಸಾಮಾನು ಜೋಡಿಸುತ್ತಿದ್ದ ಕಾಞಂಗಾಡಿನ ಹುಡುಗ ಓಡಿ ಬಂದು ಹೇಳಿದ: ಮಗ ತೀರಿಹೋದನಂತೆ, ಬೆಟ್ಟದ ರಸ್ತೆಯಲ್ಲಿ ಗಾಡಿ ಉರುಳಿ.

ನನ್ನ ಅಮ್ಮ ಒಂದು ಕಚೇರಿಗೆ ವಿಧವಾ ಪಿಂಚಣಿಗೆ ಹೋದಾಗ, ಕನ್ನಡ ತಿಳಿಯದ ಗುಮಾಸ್ತ ಹೀಗೇ ತಲೆ ಆಡಿಸಿ ಕಳಿಸಿದ್ದ. ಮೂರು ಸಲ. ಅಮ್ಮ ಮನೆಗೆ ಬಂದು ಅಡಿಕೆ ಸುಲಿಯುತ್ತಾ ಕೂತು ಏನೂ ಮಾತಾಡಿರಲಿಲ್ಲ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದು, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದ ಮಹಾಜನ್ ವರದಿ, ಎಲ್ಲ ನಿನಗೂ ಬಾಯಿಪಾಠ. ನಾನೂ ಕನ್ನಡದ ಹೋರಾಟದಲ್ಲಿ ಬ್ಯಾನರ್ ಹಿಡಿದು ನಡೆದವನು. ಹಾಗೆ ನಡೆದವನೇ ಎಂಟು ವರ್ಷ ಆ ಗುಮಾಸ್ತನಾಗಿ ಕೂತಿದ್ದೆ.

ಆ ವಾರವೇ ಅರಬ್ಬಿ ಕಲಿಯಲು ಶುರು ಮಾಡಿದೆ. ಅಂಗಡಿಗೆ ಬರುವ ಶಾಲೆ ಮಕ್ಕಳೇ ಅಕ್ಷರ ತಿದ್ದಿಸಿದರು. ಒಂದೂವರೆ ವರ್ಷದಲ್ಲಿ ತಕ್ಕಮಟ್ಟಿಗೆ ಬಂತು. ಅಷ್ಟು ಹೊತ್ತಿಗೆ ಅಜ್ಜ ತೀರಿಕೊಂಡಿದ್ದರು. ಮನೆ ಹುಡುಕಿಕೊಂಡು ಬೆಟ್ಟಕ್ಕೆ ಹೋದೆ. ಕಿರಿಯ ಮಗ ಚಾಪೆ ಹಾಸಿ ಒಂಟೆ ಹಾಲು ಕೊಟ್ಟ. ಹೇಳಬೇಕಾದದ್ದು ಎಲ್ಲ ಹೇಳಿದೆ, ತಪ್ಪು ತಪ್ಪು ಅರಬ್ಬಿಯಲ್ಲಿ. ಅವನು ಕೇಳಿದ. ಕೇಳಬೇಕಾದವರು ಇರಲಿಲ್ಲ.

ಹೊರಡಲು ಇನ್ನೂ ಎರಡು ತಿಂಗಳು ಇದೆ ಅಲ್ವಾ? ದಿನಕ್ಕೆ ಅರ್ಧ ಗಂಟೆ ಅರಬ್ಬಿ ಅಕ್ಷರ ಬರೆ. ನಿನ್ನೂರ ಮದ್ರಸದ ಉಸ್ತಾದರ ಹತ್ತಿರ ಕೇಳಿದರೆ ಸಂತೋಷದಿಂದ ಹೇಳಿಕೊಡುತ್ತಾರೆ. "ಅಲ್ಲಾ ಯರ್ಹಮು" ಎಂಬುದನ್ನು ಈಗಲೇ ಕಲಿತುಕೊ, ಸಾವಿನ ಸುದ್ದಿ ಹೇಳಿದವರಿಗೆ ಹೇಳುವ ಮಾತು ಅದು. ಬರುವ ದಿನ ತಿಳಿಸು, ನಾನೇ ಕರೆಯಲು ಬರುತ್ತೇನೆ. ಅಮ್ಮನಿಗೆ ಹೇಳಿ ಹಲಸಿನ ಹಪ್ಪಳ ಒಂದು ಕಟ್ಟು ಜಾಸ್ತಿ ಹಾಕಿಸಿಕೊ. ಬೆಟ್ಟದ ಆ ಮನೆಗೂ ಸ್ವಲ್ಪ ಕೊಟ್ಟು ಬರೋಣ.