ಗ್ರೀನ್‌ವಾಟರ್ ಲೇಖನ: ಈಗಿರುವ ಹಾಗೆ ಬೇಡ

ನಮಸ್ಕಾರ.

ನೀವು ಕಳಿಸಿದ ಲೇಖನ ಓದಿದೆ. ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿ ಪಕ್ಕದ ಗ್ರೀನ್‌ವಾಟರ್‌ಗೆ 1906ರಲ್ಲಿ ಗಣಿಯ ಹುಚ್ಚು ಹತ್ತಿ, ಎರಡು-ಮೂರು ವರ್ಷದಲ್ಲೇ ಊರು ಖಾಲಿಯಾದ ಕತೆ. ವಿಷಯ ಗಟ್ಟಿಯಾಗಿದೆ. ಆದರೆ ಈಗಿರುವ ಹಾಗೆ ಹಾಕಲಾರೆ.

ದುರಾಸೆ ಬಗ್ಗೆ ಎರಡು ಪುಟ ಬರೆದಿದ್ದೀರಿ, ಷೇರಿನ ಬಗ್ಗೆ ಒಂದು ಸಾಲೂ ಇಲ್ಲ. ಅಲ್ಲಿ ನಡೆದ ವ್ಯಾಪಾರವೆಲ್ಲ ಷೇರಿನದೇ ಅಲ್ವಾ? ಮೊದಲು ಕ್ಲೇಮ್ ಅಂದರೇನು ಹೇಳಿ. ಅಮೆರಿಕದ 1872ರ ಗಣಿ ಕಾನೂನಿನ ಪ್ರಕಾರ, ಸರ್ಕಾರಿ ಜಾಗದಲ್ಲಿ ಅದಿರು ಕಂಡವನು 1,500 ಅಡಿ ಉದ್ದ, 600 ಅಡಿ ಅಗಲದವರೆಗೆ ಗೂಟ ನೆಟ್ಟು ಹಕ್ಕು ಹೇಳಬಹುದಿತ್ತು. ವರ್ಷಕ್ಕೆ 100 ಡಾಲರ್ ಬೆಲೆಯ ಕೆಲಸ ಮಾಡಿಸಿದರೆ ಹಕ್ಕು ಉಳಿಯುತ್ತಿತ್ತು. ಇಂಥ ಕೆಲವು ಕ್ಲೇಮ್ ಕೂಡಿಸಿ ಪ್ರಮೋಟರ್ ಕಂಪನಿ ಮಾಡುತ್ತಿದ್ದ. ಒಂದು ಡಾಲರ್ ಮುಖಬೆಲೆಯ ಹತ್ತು ಲಕ್ಷ ಷೇರು ಹೊರಡಿಸುವುದು ಆ ಕಾಲದಲ್ಲಿ ಮಾಮೂಲು. ದೊಡ್ಡ ಪಾಲು ತನಗೆ. ಉಳಿದದ್ದು ಸೆಂಟುಗಳ ಲೆಕ್ಕದಲ್ಲಿ, ಗಣಿಯ ಮುಖವನ್ನೇ ನೋಡದವರಿಗೆ. ಬೆಲೆ ಏರಿದಾಗ ತನ್ನ ಪಾಲು ಮಾರಿಬಿಟ್ಟರೆ, ಅದಿರು ಸಿಗದಿದ್ದರೂ ಅವನಿಗೆ ಲಾಭವೇ.

ಚಾರ್ಲ್ಸ್ ಶ್ವಾಬ್ ಅವರನ್ನು ‘ಒಬ್ಬ ಶ್ರೀಮಂತ’ ಎಂದು ದಾಟಿಸಿದ್ದೀರಿ. ಆತ ಅಮೆರಿಕದ ದೈತ್ಯ ಉಕ್ಕಿನ ಕಂಪನಿ ಯುಎಸ್ ಸ್ಟೀಲ್‌ನ ಮೊದಲ ಅಧ್ಯಕ್ಷ. ಅಂಥವನು ದುಡ್ಡು ಹಾಕಿದ್ದಾನೆ ಎಂಬ ಸುದ್ದಿಯೇ ಜಾಹೀರಾತು. ಮೊಂಟಾನಾ ರಾಜ್ಯದ ಗಣಿ ಊರು ಬ್ಯೂಟ್‌ನ ತಾಮ್ರದ ದೊರೆ ಅಗಸ್ಟಸ್ ಹೈನ್ಜ್ ಹೆಸರೂ ಹಾಗೇ ಕೆಲಸ ಮಾಡಿತು. 1907ರ ಅಕ್ಟೋಬರಿನಲ್ಲಿ ತಮ್ಮದೇ ಕಂಪನಿ ಯುನೈಟೆಡ್ ಕಾಪರ್‌ನ ಷೇರುಗಳನ್ನೆಲ್ಲ ಕೈವಶ ಮಾಡಿಕೊಳ್ಳಲು ಹೈನ್ಜ್ ಸೋದರರು ಆಡಿದ ಆಟ ಕೆಟ್ಟಿತು. ಹೆದರಿದ ಜನ ಠೇವಣಿ ತೆಗೆಯಲು ನ್ಯೂಯಾರ್ಕ್‌ನ ಬ್ಯಾಂಕುಗಳ ಮುಂದೆ ಸಾಲುಗಟ್ಟಿದರು. ಮರುಭೂಮಿಯ ಗಣಿಗಳಿಗೆ ಹೊಸ ದುಡ್ಡು ಬರುವುದು ನಿಂತಿತು. ಊರಿಗೆ ಬೆಲೆ ತಂದ ಹೆಸರೇ ಊರು ಮುಳುಗಿದ ಕತೆಯಲ್ಲೂ ಇದೆ! ಇದನ್ನು ಬಿಟ್ಟು ಸೂರ್ಯಾಸ್ತಕ್ಕೆ ಅರ್ಧ ಪುಟ ಕೊಟ್ಟಿದ್ದೀರಲ್ಲ, ಬೇಜಾರಾಯಿತು.

ಒಂದು ದೊಡ್ಡ ತಪ್ಪೂ ಇದೆ. ಜನ ಚಿನ್ನಕ್ಕೆ ಮುಗಿಬಿದ್ದರು ಅಂತೀರಿ. ಗ್ರೀನ್‌ವಾಟರ್‌ನದು ತಾಮ್ರ. ಚಿನ್ನದ ಗದ್ದಲ ಉತ್ತರಕ್ಕೆ, ನೆವಾಡದ ರಯೊಲೈಟ್‌ನಲ್ಲಿ. ಇದು ಬರೀ ಹೆಸರಿನ ತಪ್ಪಲ್ಲ. ತಾಮ್ರ ಇರುವ ಬಂಡೆ ಮೇಲೆ ಹಸಿರು, ನೀಲಿಯಾಗಿ ಕಣ್ಣಿಗೆ ಹೊಡೆಯುತ್ತದೆ. ಬ್ಯೂಟ್‌ನಲ್ಲಿ ಆಳಕ್ಕೆ ಇಳಿದಾಗ ಒಳ್ಳೆಯ ಅದಿರು ಸಿಕ್ಕಿತ್ತು, ಇಲ್ಲೂ ಸಿಗುತ್ತದೆ ಎಂದು ನಂಬುವುದು ಹುಚ್ಚಾಟವೇನಲ್ಲ. ನೂರಾರು ಅಡಿ ತೋಡಿದರು, ಲಾಭ ಕೊಡುವಂಥದ್ದು ಸಿಗಲಿಲ್ಲ. ಹಾಗಾಗಿ ಎಲ್ಲರನ್ನೂ ಸುಮ್ನೆ ಕಳ್ಳರು ಅನ್ನಬೇಡಿ. ಯಾರು ನಂಬಿ ಮಾರಿದ, ಯಾರು ಗೊತ್ತಿದ್ದೂ ಮಾರಿದ ಎಂಬ ಅನುಮಾನ ಓದುಗರಿಗೂ ಹತ್ತಲಿ.

ನೀರನ್ನು ಪೀಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಭಾಗ ಚೆನ್ನಾಗಿದೆ, ಮುಟ್ಟಬೇಡಿ. ಕೊನೆಯಲ್ಲಿ ಕೆಜಿಎಫ್ ಯಾಕೆ ತಂದಿರಿ? ನೂರಕ್ಕೂ ಹೆಚ್ಚು ವರ್ಷ ಚಿನ್ನ ಕೊಟ್ಟು 2001ರಲ್ಲಿ ಮುಚ್ಚಿದ ಗಣಿ ಅದು. ಆ ಪ್ಯಾರಾ ತೆಗೆಯಿರಿ. ಶೀರ್ಷಿಕೆ ನಾನೇ ನೋಡಿಕೊಳ್ಳುತ್ತೇನೆ. ತಿದ್ದಿದ ಪ್ರತಿ 1,200 ಪದದೊಳಗಿದ್ದರೆ ಮತ್ತೆ ಓದುತ್ತೇನೆ.

— ಸಂಪಾದಕ