ಓದುಗರ ಪ್ರಶ್ನೆ: ಚಿಂಬೊರಾಸೊ ಪ್ರಾಂತ್ಯಕ್ಕೆ ಇಬ್ಬರು ಮುಖ್ಯಸ್ಥರೇಕೆ?

ಪ್ರಶ್ನೆ: ಈಕ್ವೆಡಾರ್‌ನ ಚಿಂಬೊರಾಸೊ ಪ್ರಾಂತ್ಯದ ವಿಷಯ ಓದುವಾಗ ಒಂದು ಕಡೆ ‘ಗವರ್ನರ್’, ಇನ್ನೊಂದು ಕಡೆ ‘ಪ್ರಿಫೆಕ್ಟ್’ ಎಂದು ಕಾಣುತ್ತದೆ. ಆಡಳಿತ ಯಾರ ಕೈಯಲ್ಲಿದೆ? ಆ ಪ್ರಾಂತ್ಯ ಇಡಿಯಾಗಿ ಚಳಿಯ ಎತ್ತರದ ನಾಡೇ?

ಉತ್ತರ: ಎರಡನೆಯ ಪ್ರಶ್ನೆಯಿಂದಲೇ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿನ ಆಡಳಿತದ ದೊಡ್ಡ ಕೆಲಸಗಳೆಲ್ಲ ನೆಲ ಮತ್ತು ನೀರಿಗೆ ಸಂಬಂಧಿಸಿದವು. ಪ್ರಾಂತ್ಯದ ರಾಜಧಾನಿ ರಿಯೊಬಾಂಬಾ ಆಂಡಿಸ್‌ನ ಎರಡು ಪರ್ವತಸಾಲುಗಳ ನಡುವಣ ಬಯಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 2,750 ಮೀಟರ್ ಎತ್ತರದಲ್ಲಿದೆ. ಹಳೆಯ ಊರು ಈಗಿನ ಕೊಲ್ಟಾ ಪ್ರದೇಶದಲ್ಲಿತ್ತು. 1797ರ ಭೂಕಂಪದಲ್ಲಿ ಅದು ನಾಶವಾದ ಮೇಲೆ ಜನ ಇಲ್ಲಿಗೆ ಬಂದು ನೆಲೆಸಿದರು. ಪ್ರಾಂತ್ಯಕ್ಕೆ ಹೆಸರು ಕೊಟ್ಟ ಚಿಂಬೊರಾಸೊ ಶಿಖರ 6,260 ಮೀಟರಿಗೂ ಎತ್ತರವಾಗಿದೆ. ಆದರೆ ನೈರುತ್ಯದ ಕುಮಾಂಡಾ ಕೇವಲ 300 ಮೀಟರ್ ಆಸುಪಾಸಿನಲ್ಲಿರುವ ಬೆಚ್ಚನೆಯ ತಗ್ಗು ಪ್ರದೇಶ. ಆದ್ದರಿಂದ ಇಡೀ ಪ್ರಾಂತ್ಯವನ್ನು ಚಳಿನಾಡು ಎನ್ನಲಾಗದು.

ಈ ನಾಡಿನ ಜೀವಾಳ ಸುಮಾರು 3,500 ಮೀಟರಿನಿಂದ ಮೇಲೆ ಹಬ್ಬಿರುವ ‘ಪಾರಮೊ’ ಎಂಬ ಹುಲ್ಲುಗಾವಲು. ಅಲ್ಲಿನ ಕಪ್ಪು ಮಣ್ಣು ಮಳೆ, ಮಂಜಿನ ನೀರನ್ನು ಹಿಡಿದಿಟ್ಟುಕೊಂಡು ವರ್ಷವಿಡೀ ಸ್ವಲ್ಪಸ್ವಲ್ಪವಾಗಿ ಹೊಳೆಗಳಿಗೆ ಬಿಡುತ್ತದೆ. ಚಾಂಬೊ ನದಿ ಪಸ್ತಾಸಾ ನದಿಯ ಮೂಲಕ ಅಮೆಜಾನ್‌ಗೆ ಸೇರಿದರೆ ಚಾಂಚಾನ್ ಪಶ್ಚಿಮಕ್ಕೆ ಹರಿದು ಪೆಸಿಫಿಕ್ ಕಡೆಗೆ ಹೋಗುತ್ತದೆ. ಈ ಹುಲ್ಲುಗಾವಲನ್ನು ಉತ್ತು ಆಲೂಗಡ್ಡೆ ಬೆಳೆದರೆ, ಅಥವಾ ಅಲ್ಲಿ ಮಿತಿಮೀರಿ ದನ ಕುರಿ ಮೇಯಿಸಿದರೆ, ತೊಂದರೆ ಕೆಳಗಿನ ಊರುಗಳನ್ನು ತಲುಪದೆ ಇರುವುದಿಲ್ಲ. ಶಿಖರದ ಸುತ್ತಲ ಪ್ರದೇಶವನ್ನು 1987ರಲ್ಲಿ ವನ್ಯಜೀವಿ ಮೀಸಲು ಎಂದು ಘೋಷಿಸಿ, ಬಳಿಕ ಒಂಟೆಯ ಜಾತಿಗೆ ಸೇರಿದ ವಿಕುನ್ಯಾ ಪ್ರಾಣಿಗಳನ್ನು ಹೊರದೇಶಗಳಿಂದ ತಂದು ಬಿಟ್ಟದ್ದು ಮೆಚ್ಚತಕ್ಕ ಕೆಲಸ.

ಈಗ ಮೊದಲ ಪ್ರಶ್ನೆ. ಗವರ್ನರ್‌ರನ್ನು ರಾಷ್ಟ್ರಾಧ್ಯಕ್ಷರು ನೇಮಿಸುತ್ತಾರೆ. ಅವರು ಪ್ರಾಂತ್ಯದಲ್ಲಿ ಕೇಂದ್ರ ಸರ್ಕಾರದ ಪ್ರತಿನಿಧಿ. ಪ್ರಿಫೆಕ್ಟ್‌ರನ್ನು ಮಾತ್ರ ಮತದಾರರೇ ಆರಿಸುತ್ತಾರೆ. 2008ರ ಸಂವಿಧಾನದ ಪ್ರಕಾರ ನಗರಗಳ ಹೊರಗಿನ ಪ್ರಾಂತೀಯ ರಸ್ತೆ, ನೀರಾವರಿ, ಜಲಾನಯನ ಪ್ರದೇಶಗಳ ಕಾಮಗಾರಿ, ಕೃಷಿಗೆ ಉತ್ತೇಜನ, ಇವೆಲ್ಲ ಪ್ರಿಫೆಕ್ಟ್ ನೇತೃತ್ವದ ಪ್ರಾಂತೀಯ ಸರ್ಕಾರದ ಹೊಣೆ. ಹೀಗಾಗಿ ರೈತರ ದೃಷ್ಟಿಯಿಂದ ಪ್ರಿಫೆಕ್ಟ್ ಹುದ್ದೆಯೇ ಹೆಚ್ಚು ಮುಖ್ಯವೆಂದು ನನಗೆ ತೋರುತ್ತದೆ.

ಪ್ರಾಂತ್ಯದಲ್ಲಿ ರಿಯೊಬಾಂಬಾ, ಗ್ವಾಮೊಟೆ, ಅಲೌಸಿ, ಪೆನಿಪೆ ಮೊದಲಾದ 10 ‘ಕ್ಯಾಂಟನ್’ಗಳು, ಅಂದರೆ ಪ್ರಾಂತ್ಯದ ಉಪವಿಭಾಗಗಳು ಇದ್ದು, ಪ್ರತಿಯೊಂದಕ್ಕೂ ಚುನಾಯಿತ ಮೇಯರ್ ಮತ್ತು ನಗರಾಡಳಿತವಿದೆ. ಕುಡಿಯುವ ನೀರು, ಒಳಚರಂಡಿ, ಕಸ ವಿಲೇವಾರಿ ಅವರ ಪಾಲಿನ ಕೆಲಸ. ಅದಕ್ಕೂ ಕೆಳಗೆ ‘ಪರೋಕಿಯಾ’ ಎಂಬ ಘಟಕಗಳಿದ್ದು, ಗ್ರಾಮೀಣ ಪರೋಕಿಯಾಗಳಿಗೆ ಚುನಾಯಿತ ಮಂಡಳಿಗಳಿವೆ. ಪ್ರಿಫೆಕ್ಟ್ ಅಧ್ಯಕ್ಷತೆಯ ಪ್ರಾಂತೀಯ ಪರಿಷತ್ತಿನಲ್ಲಿ ಈ ಮೇಯರುಗಳಿಗೂ ಗ್ರಾಮೀಣ ಮಂಡಳಿಗಳ ಪ್ರತಿನಿಧಿಗಳಿಗೂ ಸ್ಥಾನವಿರುವುದರಿಂದ, ಆಂಡಿಸ್‌ನ ಮೂಲನಿವಾಸಿಗಳಾದ ಕಿಚ್ವಾ ಭಾಷಿಕರು ಬಹುಸಂಖ್ಯಾತರಾಗಿರುವ ಗ್ವಾಮೊಟೆಯಂಥ ಕ್ಯಾಂಟನ್‌ನ ಮಾತಿಗೂ ಅಲ್ಲಿ ಜಾಗ ಸಿಗುತ್ತದೆ.